ಗೋಡೆ ಹಂಚಿಕೊಂಡವರ ಗುರುವಾರ

ದೇವನಹಳ್ಳಿಯ ನಮ್ಮ ಚರ್ಚಿನ ಹಿಂದೆ ಹನ್ನೆರಡು ಮನೆಗಳ ಒಂದು ಸಾಲಿದೆ. ಎರಡೆರಡು ಮನೆಗೆ ಒಂದೇ ನಡುಗೋಡೆ. ಕಟ್ಟಿಸಿದ ಹಳೇ ಕಾಲದ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ಇಟ್ಟಿಗೆ ಉಳಿಯಲಿ ಎಂದು ಹಾಗೆ ಮಾಡಿದರೋ, ಜನ ಒಬ್ಬರಿಗೊಬ್ಬರು ಹತ್ತಿರವಾಗಲಿ ಎಂದು ಮಾಡಿದರೋ ತಿಳಿಯದು. ಹತ್ತಿರವಂತೂ ಆದರು, ಅದರಿಂದಲೇ ಜಗಳಗಳೂ ಆದವು. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈಚೆ ಮನೆಯವರು ಸೀನಬೇಕು. ಈಚೆ ಮನೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೂ ಆಚೆ ಮನೆಯಲ್ಲಿ ಒಬ್ಬರು ಕೆಮ್ಮುತ್ತಾರೆ.

ಅದಕ್ಕೇ ಇರಬೇಕು, ನಮ್ಮ ಪುಟ್ಟ ಲೂಥರನ್ ಸಭೆಯಲ್ಲಿ ಬೇರೆಲ್ಲೂ ನಾನು ಕಾಣದ ಒಂದು ಪದ್ಧತಿ ಬೆಳೆದುಬಂದಿದೆ. ಈಸ್ಟರಿಗೆ ಮುಂಚಿನ ಗುರುವಾರ ಸಂಜೆ ಪಾಪನಿವೇದನೆಯ ಆರಾಧನೆ ಇರುತ್ತದೆ. ಬೇರೆ ಊರಿನ ಸಭೆಗಳಲ್ಲಿ ಜನ ಒಬ್ಬೊಬ್ಬರಾಗಿ ಮುಂದೆ ಹೋಗಿ ಮಂಡಿಯೂರುತ್ತಾರೆ, ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳುತ್ತಾರೆ. ನಮ್ಮಲ್ಲಿ ಮೊದಲು ಜೋಡಿಗಳು. ಗಂಡ ಹೆಂಡತಿಯ ಜೋಡಿಯಲ್ಲ, ಒಂದು ಗೋಡೆ ಹಂಚಿಕೊಂಡ ಎರಡು ಮನೆಗಳ ಜೋಡಿ. ಮನೆಯ ಒಲೆ ಯಾರ ಕೈಯಲ್ಲಿದೆಯೋ ಅವರು ಮನೆಗೊಬ್ಬರಂತೆ ಹೋಗಿ, ವೇದಿಕೆಯ ಮುಂದಿನ ಮರದ ಕಟಕಟೆಯ ಬಳಿ ಎದುರುಬದುರಾಗಿ ನಿಂತು, ವರ್ಷದಲ್ಲಿ ಒಬ್ಬರಿಂದ ಒಬ್ಬರಿಗೆ ಆದದ್ದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅಕ್ಕಪಕ್ಕ ಮಂಡಿಯೂರಬೇಕು. ಅಯ್ಯನವರು ಎರಡು ತಲೆಯ ಮೇಲೆ ಎರಡು ಕೈಯಿಡುತ್ತಾರೆ. ಮಿಕ್ಕ ಮನೆಮಂದಿಯೆಲ್ಲ ಆಮೇಲೆ.

ಜೋಡಿಯಲ್ಲಿ ಒಬ್ಬರು ಬರದಿದ್ದರೆ ಇನ್ನೊಬ್ಬರೂ ಮಂಡಿಯೂರುವಂತಿಲ್ಲ. ಮಂಡಿಯೂರದವರು ಈಸ್ಟರಿನ ಬೆಳಿಗ್ಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೆ ಕೈಚಾಚುವಂತಿಲ್ಲ. ಇದು ಆರಾಧನೆಯ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ನಮ್ಮ ಹಿರಿಯರ ಬಾಯಲ್ಲಿತ್ತು, ಪುಸ್ತಕಕ್ಕಿಂತ ಗಟ್ಟಿಯಾಗಿತ್ತು.

ನಮ್ಮತ್ತೆ ಒಂದು ಕತೆ ಹೇಳುತ್ತಿದ್ದರು. ಅವರ ಕಾಲದಲ್ಲಿ ಎರಡು ಮನೆಗೆ ಒಂದು ಕೋಳಿಯ ವಿಷಯದಲ್ಲಿ ವರ್ಷವಿಡೀ ಮಾತಿರಲಿಲ್ಲವಂತೆ. ಗುರುವಾರ ಕಟಕಟೆಯ ಮುಂದೆ ಒಬ್ಬಾಕೆ, “ನಿನ್ನ ಕೋಳಿ ನಾನೇ ತಿಂದಿದ್ದು ಕಣವ್ವ, ಕ್ಷಮ್ಸು. ಆದ್ರೆ ಬಲು ರುಚಿಯಾಗಿತ್ತು” ಎಂದಳಂತೆ. ಇನ್ನೊಬ್ಬಾಕೆ ತಡಮಾಡದೆ, “ರುಚಿ ಇಲ್ದೆ ಏನು? ನಿಮ್ಮ ಅಂಗಳದ ರಾಗಿ ತಿಂದೇ ಬೆಳೆದಿದ್ದು ಅದು, ನಾನೂ ನೋಡ್ಕೊಂಡು ಸುಮ್ನಿದ್ದೆ” ಎಂದಳಂತೆ. ಇಬ್ಬರೂ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೇ ಕ್ಷಮೆ ಪಡೆದರಂತೆ.

ಇಂಥ ಕತೆ ಕೇಳಿ ಬೆಳೆದ ಸೊಸೆ ನಾನು. ಆದರೂ ಒಂದು ವರ್ಷ ಆ ಗುರುವಾರಕ್ಕೆ ಕ್ಷಮೆ ಕೇಳುವ ಮನಸ್ಸಿನಿಂದ ಹೋಗಲಿಲ್ಲ. ಕಳ್ಳನನ್ನು ಹಿಡಿಯಲು ಹೊರಟ ಪೊಲೀಸನ ಹಾಗೆ ಹೋದೆ.

ನಮ್ಮ ಗೋಡೆಯ ಆಚೆ ಮನೆಯವಳು ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಹೊಸಕೋಟೆ ಕಡೆಯಿಂದ ನಾನು ಸೊಸೆಯಾಗಿ ಬಂದ ದಿನವೇ ಅಕ್ಕ ಎಂದೆ, ಅದೇ ಉಳಿಯಿತು. ರಕ್ತಸಂಬಂಧ ಏನೂ ಇಲ್ಲ. ಅಕ್ಕನ ಕಸುಬು ಹಪ್ಪಳ. ಉದ್ದಿನ ಹಪ್ಪಳ, ಅಕ್ಕಿ ಹಪ್ಪಳ, ಬೇಸಿಗೆಯಲ್ಲಿ ಸಂಡಿಗೆ. ಊರಲ್ಲಿ ಎಲ್ಲರೂ ಡಬ್ಬಿಯ ಪುಡಿ ಇಂಗಿಗೆ ಬಂದು ಎಷ್ಟೋ ವರ್ಷವಾಯಿತು. ಅಕ್ಕ ಮಾತ್ರ ಇಂದಿಗೂ ಗಟ್ಟಿ ಇಂಗು ತರಿಸಿ, ಒಡೆದು, ನೀರಲ್ಲಿ ನೆನೆಹಾಕಿ ಹಿಟ್ಟಿಗೆ ಕಲಸುತ್ತಾಳೆ. ಅವಳು ಬೀದಿಯ ಆ ತುದಿಯಲ್ಲಿ ಬರುತ್ತಿದ್ದರೆ ಈ ತುದಿಯಲ್ಲಿ ಗೊತ್ತಾಗುತ್ತದೆ. ಅತ್ತೆಯ ಒಲೆ ನನ್ನ ಕೈಗೆ ಬಂದಂದಿನಿಂದ ಇಪ್ಪತ್ತೊಂಬತ್ತು ಗುರುವಾರ ನಾನು ಅವಳ ಪಕ್ಕದಲ್ಲಿ ಮಂಡಿಯೂರಿದ್ದೆ.

ನಮ್ಮ ಹಿತ್ತಿಲಲ್ಲಿ ಗೋಡೆಗೆ ಒತ್ತಿಕೊಂಡಂತೆ ಒಂದು ಚಕ್ಕೋತದ ಮರ. ನಮ್ಮತ್ತೆ ನೆಟ್ಟದ್ದು. ಬೇರು ನಮ್ಮ ಕಡೆ, ಅರ್ಧ ಕೊಂಬೆ ಅಕ್ಕನ ತಾರಸಿಯ ಮೇಲೆ. ಆಚೆ ಬಿದ್ದ ಹಣ್ಣು ಆಚೆಯವರದು, ಈಚೆ ಬಿದ್ದದ್ದು ಈಚೆಯವರದು. ಅದರಲ್ಲಿ ತಕರಾರಿರಲಿಲ್ಲ. ತಕರಾರು ಇದ್ದದ್ದು ನೆರಳಿನದು. ಅಕ್ಕ ತಾರಸಿಯಲ್ಲಿ ಹಳೇ ಸೀರೆ ಹಾಸಿ ಹಪ್ಪಳ ಒಣಗಿಸುತ್ತಾಳೆ. ಮಧ್ಯಾಹ್ನ ಎರಡಕ್ಕೆಲ್ಲ ಮರದ ನೆರಳು ಅರ್ಧ ಸೀರೆ ನುಂಗುತ್ತದೆ. ಎಲೆ ಉದುರಿ ಹಸಿ ಹಪ್ಪಳಕ್ಕೆ ಅಂಟುತ್ತದೆ. ಹಣ್ಣಿನ ಕಾಲದಲ್ಲಿ ಬಾವಲಿಗಳ ಕಾಟ ಬೇರೆ.

“ನಿಮ್ಮತ್ತೆ ಹೋದ್ರೂ ಅವರ ಕಾಟ ಹೋಗ್ಲಿಲ್ವಲ್ಲೇ” ಎಂದು ತಾರಸಿಯಿಂದ ಕೂಗುತ್ತಿದ್ದಳು.

“ಯಾಕೆ, ಹಣ್ಣು ತಿನ್ನೋವಾಗ ಕಾಟ ಇರ್ಲಿಲ್ವಾ?” ಎಂದು ನಾನೂ ಕೂಗುತ್ತಿದ್ದೆ.

“ತಿಂತೀನಿ, ಬೈಯ್ತೀನಿ. ಒಂದಿನ ಆ ಮರಕ್ಕೊಂದು ಗತಿ ಕಾಣಿಸ್ತೀನಿ ನೋಡ್ತಿರು!”

ಇದು ವರ್ಷಗಳ ಆಟ. ಇಂಥ ಮಾತಿಗೆ ನಗುವುದನ್ನು ಬಿಟ್ಟು ಬೇರೇನೂ ಮಾಡಬೇಕೆಂದು ನನಗೆ ಯಾವತ್ತೂ ತೋಚಿರಲಿಲ್ಲ.

ಆ ವರ್ಷ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತಕಾಲ, ಶುರುವಾಗುವ ಹೊತ್ತಿಗೆ ಮರ ಕೆಟ್ಟಿತು. ಎಲೆಯ ಅಂಚು ಬೆಂಕಿ ತಗುಲಿದ ಹಾಗೆ ಕಂದಾಯಿತು. ಮೊಗ್ಗು ಅರಳುವ ಮೊದಲೇ ಉದುರಿ ಬೆಳಿಗ್ಗೆ ಗುಡಿಸುವಾಗ ಮೊರದ ತುಂಬ ಬರತೊಡಗಿದವು. ತುದಿಯ ಕೊಂಬೆಗಳು ಒಣಗಿ ಕಡ್ಡಿಯಾದವು. ನಾನು ಬುಡದ ಹತ್ತಿರ ಕೂತು ಕೈಯಾಡಿಸಿ ನೋಡುವಾಗ ಮೂಗಿಗೆ ಏನೋ ಹೊಡೆಯಿತು. ಬಗ್ಗಿ ಮೂಸಿದೆ. ಇಂಗು. ಅದೂ ಪುಡಿ ಇಂಗಲ್ಲ, ಗಟ್ಟಿ ಇಂಗಿನ ಆ ಘಾಟು.

ನಮ್ಮ ಯಜಮಾನರು ಹಿಂದೆ ನಿಂತಿದ್ದರು. “ಏನೇ ಇದು, ಮರ ಮೂಸ್ತಾ ಕೂತಿದೀಯ?”

“ಇಂಗಿನ ವಾಸನೆ ರೀ.”

“ಹಸಿವಾಗಿರ್ಬೇಕು. ಎದ್ದು ಸಾರು ಮಾಡು.”

ಅವರಿಗೆ ತಮಾಷೆ. ನನಗೆ ಮಾತ್ರ ನಗು ಬರಲಿಲ್ಲ. ಹೊಸಕೋಟೆ ಕಡೆ ನಮ್ಮ ತಾತ ಹೇಳುತ್ತಿದ್ದ ಮಾತು ನೆನಪಾಗಿತ್ತು. “ಬೇಡದ ಮರ ಕೆಡವೋಕೆ ಕೊಡಲಿ ಯಾಕವ್ವ? ಕಾಂಡಕ್ಕೆ ತೂತು ಕೊರೆದು ಒಂದು ಚೂರು ಇಂಗು ತುರುಕು. ಮರ ನಿಂತಲ್ಲೇ ಸಾಯುತ್ತೆ. ಯಾರು ಮಾಡಿದ್ರು ಅಂತ ದೇವರಿಗೂ ಗೊತ್ತಾಗಲ್ಲ.” ಈ ಮಾತು ನಿಜವೋ ಸುಳ್ಳೋ ನಾನು ಪರೀಕ್ಷೆ ಮಾಡಿದವಳಲ್ಲ. ಹಿರಿಯರು ಹೇಳಿದ್ದನ್ನು ನಂಬುವುದು ನನ್ನ ಅಭ್ಯಾಸ. ಕಾಂಡವನ್ನು ಸುತ್ತ ತಡವಿ ನೋಡಿದೆ. ಮೊಳಕಾಲೆತ್ತರದಲ್ಲಿ ಎರಡು ತೂತುಗಳಿದ್ದವು, ಪೆನ್ಸಿಲ್ ತೂರುವಷ್ಟು.

ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. “ನೀರಿನ ದೋಷ ಇರ್ಬೋದು ಬಿಡೇ” ಎಂದರು ಯಜಮಾನರು. ಗಂಡಸರಿಗೆ ಜಗಳ ಬರುವ ಜಾಗ ಕಂಡರೆ ಎಲ್ಲವೂ ನೀರಿನ ದೋಷ, ಗಾಳಿಯ ದೋಷ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ವಾರ ಕಳೆದಿರಬೇಕು. ಬೆಳಕು ಹರಿಯುವ ಹೊತ್ತಿನಲ್ಲಿ ಹಾಲಿಗೆಂದು ಎದ್ದವಳು ಅಡುಗೆಮನೆ ಕಿಟಕಿಯಿಂದ ಹಿತ್ತಿಲ ಕಡೆ ನೋಡಿದೆ. ಗೋಡೆಯ ಮೇಲೆ ಒಂದು ಕೈ ಕಂಡಿತು. ಬರೀ ಕೈ. ಹಸಿರು ಗಾಜಿನ ಬಳೆ, ಕೈಯಲ್ಲಿ ಒಂದು ಸ್ಟೀಲ್ ಚೊಂಬು. ಚೊಂಬು ಬಾಗಿತು, ಏನೋ ಬಿಳಿಚಾದದ್ದು ಮರದ ಬುಡಕ್ಕೆ ಸುರಿಯಿತು. ಕೈ ಸರಕ್ಕನೆ ಹಿಂದೆ ಹೋಯಿತು. ಆ ಬಳೆ ನನಗೆ ಗೊತ್ತು. ಗಂಡ ಹೋದ ಮೇಲೂ ಬರಿಗೈ ಬೇಡ ಎಂದು ಕ್ರಿಸ್ಮಸ್ಸಿಗೆ ನಾನೇ ತಂದುಕೊಟ್ಟದ್ದು.

ಹೋಗಿ ಕೇಳಿಬಿಡಬಹುದಾಗಿತ್ತು. ಇವತ್ತು ಹಾಗನ್ನಿಸುತ್ತದೆ. ಆದರೆ ಅನುಮಾನಕ್ಕೆ ಒಂದು ಚಟವಿದೆ, ಅದು ಕೇಳಿ ತಿಳಿಯಲು ಒಪ್ಪುವುದಿಲ್ಲ, ಕದ್ದು ನೋಡಿಯೇ ತಿಳಿಯಬೇಕು. ಮರುದಿನದಿಂದ ನಾನು ಅರ್ಧ ಗಂಟೆ ಮುಂಚೆ ಎದ್ದು ನೀರಿನ ಟ್ಯಾಂಕಿನ ಹಿಂದೆ ಕೂತೆ. ನಾಲ್ಕು ದಿನ ಸೊಳ್ಳೆ ಕಚ್ಚಿಸಿಕೊಂಡದ್ದಷ್ಟೇ ಬಂತು. ಐದನೆಯ ದಿನ ಕೈ ಮತ್ತೆ ಬಂತು, ಚೊಂಬು ಬಾಗಿತು. ಹೋಗಿ ಮೂಸಿದರೆ ಅದೇ ಇಂಗು.

ಅಕ್ಕನೂ ಬದಲಾಗಿದ್ದಳು. ತಾರಸಿಯಿಂದ ಕೂಗುವುದು ನಿಂತಿತು. ಮರವನ್ನು ಬೈಯುವುದೂ ನಿಂತಿತು. ಹಪ್ಪಳ ತಿರುವಿಹಾಕುವಾಗ ಒಮ್ಮೊಮ್ಮೆ ಗೋಡೆಯಂಚಿಗೆ ಬಂದು ಮರದ ಬುಡವನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದಳು. ಬಾಯಿ ತುಂಬ ಮಾತಾಡುವವಳು ಸುಮ್ಮನಾದರೆ ಅದಕ್ಕೆ ಅರ್ಥವೇನು? ಪಾಪಪ್ರಜ್ಞೆ ಎಂದು ತೀರ್ಮಾನಿಸಿದೆ. ಒಂದು ಸಂಜೆ ಅವಳ ಮೊಮ್ಮಗಳ ಕೈಲಿ ಹಪ್ಪಳದ ಕಟ್ಟು ಕಳಿಸಿದಳು. ಲಂಚ, ಅಂದುಕೊಂಡೆ. ಕರಿದು ಕೊಡು ಎಂದು ಯಜಮಾನರು ಎಷ್ಟು ಕೇಳಿದರೂ ಕಟ್ಟು ಬಿಚ್ಚಲಿಲ್ಲ.

“ಮರ ಒಣಗಿದ್ದಕ್ಕೆ ನನ್ನನ್ನ ಯಾಕೆ ಒಣಗಿಸ್ತೀಯೇ?” ಎಂದು ಅವರು ಬರೀ ಅನ್ನ ಸಾರು ಉಂಡರು.

ಚರ್ಚಿನಲ್ಲಿ ಲೆಂಟಿನ ಪ್ರತಿ ಬುಧವಾರ ಸಂಜೆ ಪ್ರಾರ್ಥನೆ. ಒಂದೇ ಬೆಂಚಿನಲ್ಲಿ ಕೂರುವವರು ನಾವು. ಆಗಲೂ ಕೂತೆವು, ಆದರೆ ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು. ಅಯ್ಯನವರು ಕ್ರಿಸ್ತನ ಶ್ರಮೆಯ ಕತೆ ಓದುತ್ತಿದ್ದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಜೊತೆಗಿದ್ದೇ ಗುರುವನ್ನು ಹಿಡಿದುಕೊಟ್ಟ ಯೂದನ ಕತೆಯೊಂದೇ. ತಟ್ಟೆಯಲ್ಲಿ ಜೊತೆಗೆ ಕೈಯದ್ದಿದವನು ಎಂಬ ಮಾತು ಬಂದಾಗ ತಿರುಗಿ ಅಕ್ಕನ ಮುಖ ನೋಡಿದೆ. ಅವಳೂ ಅದೇ ಹೊತ್ತಿಗೆ ತಿರುಗಿ ನನ್ನನ್ನು ನೋಡುತ್ತಿದ್ದಳು. ಇಬ್ಬರೂ ಥಟ್ಟನೆ ಮುಂದಕ್ಕೆ ತಿರುಗಿದೆವು.

ಗುರುವಾರದ ಜೋಡಿಗಳ ಹೆಸರನ್ನು ಅದರ ಹಿಂದಿನ ಭಾನುವಾರ, ಗರಿಗಳ ಹಬ್ಬದ ಆರಾಧನೆ ಮುಗಿದ ಮೇಲೆ, ಅಯ್ಯನವರಿಗೆ ಕೊಡಬೇಕು. ಈ ಅಯ್ಯನವರು ಹೊಸಬರು, ಚಿಕ್ಕ ವಯಸ್ಸು, ಆಂಧ್ರದ ಗಡಿ ಕಡೆಯವರು. ಕೋಣೆಯಲ್ಲಿ ನೋಟುಪುಸ್ತಕ ಹಿಡಿದು ಕೂತಿದ್ದರು. ಅಕ್ಕ ಆ ದಿನ ಅಲ್ಲಿಗೆ ಬರಲಿಲ್ಲ. ಪ್ರತಿ ವರ್ಷ ಇಬ್ಬರದೂ ಕೊಡುವವಳು ನಾನೇ.

“ಅಮ್ಮಾ, ನಿಮ್ಮ ಗೋಡೆಯವರ ಹೆಸರೂ ಬರ್ಕೊಳ್ಲಾ?” ಎಂದರು.

ನಾನು ತಡವರಿಸಿದೆ. ಇಲ್ಲ ಎಂದರೆ ಮುಗಿಯಿತು. ನಾನೂ ಇಲ್ಲ, ಅಕ್ಕನೂ ಇಲ್ಲ. ಈಸ್ಟರಿನ ಬೆಳಿಗ್ಗೆ ಇಡೀ ಸಭೆ ಮುಂದೆ ಹೋಗುವಾಗ ನಾವಿಬ್ಬರು ಬೆಂಚಿನಲ್ಲಿ ಉಳಿಯಬೇಕು. ಹಾಗೆ ಉಳಿದ ಜೋಡಿಗಳನ್ನು ನಾನು ಕಂಡಿದ್ದೇನೆ. ಒಂದು ವರ್ಷ ಉಳಿದವರು ಮರುವರ್ಷ ಸೇರಿದ್ದನ್ನು ಕಂಡಿಲ್ಲ. ಅಕ್ಕನಿಗೆ ಅರವತ್ತೇಳು. ಗಂಡನ ಹೆಣ ಮಣ್ಣು ಮಾಡಿ ಮೂರನೇ ದಿನಕ್ಕೆ ಗುರುವಾರ ಬಂದಾಗಲೂ ಅವಳು ತಪ್ಪಿಸಿದವಳಲ್ಲ. ಆ ಸಲ ನನ್ನ ತೋಳು ಹಿಡಿದುಕೊಂಡೇ ಮಂಡಿಯೂರಿದ್ದಳು. ಈಗ ನನ್ನ ಒಂದು ಮಾತಿನಿಂದ ಅವಳು ಬೆಂಚಿನಲ್ಲಿ ಉಳಿಯುತ್ತಾಳೆ.

ಆಗ ನನಗೆ ಇನ್ನೊಂದು ಯೋಚನೆ ಬಂತು, ಒಳ್ಳೆಯದೇನಲ್ಲ. ಕಟಕಟೆಯ ಮುಂದೆ ನಿಂತಾಗ ಅವಳು ಬಾಯಿಬಿಡಲೇಬೇಕಲ್ಲ? ಮರದ ವಿಷಯ ಹೇಳಿದರೆ ಸಿಕ್ಕಿಬಿದ್ದಳು. ಹೇಳದಿದ್ದರೆ ದೇವರ ಮುಂದೆ ಸುಳ್ಳಿ. ಎರಡರಲ್ಲಿ ಒಂದು ಗೊತ್ತಾಗುತ್ತದೆ.

“ಬರ್ಕೊಳ್ಳಿ ಅಯ್ಯನವರೇ, ಇಬ್ಬರದೂ” ಎಂದೆ. ಅಷ್ಟಕ್ಕೆ ಸುಮ್ಮನಿರದೆ, “ಆ ದಿನ ಅಲ್ಲಿ ನಿಂತು ಸುಳ್ಳು ಹೇಳಿದ್ರೆ ಏನಾಗುತ್ತೆ?” ಎಂದು ಕೇಳಿಬಿಟ್ಟೆ.

“ಯಾರು ಹೇಳಿದ್ರೆ?”

“ಯಾರೋ. ಸುಮ್ನೆ ಕೇಳ್ದೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಅಮ್ಮಾ, ನೀವು ಕ್ಷಮೆ ಕೇಳೋಕೆ ಬರ್ತಿದೀರಾ, ಇನ್ನೊಬ್ಬರ ಬಾಯಿ ಬಿಡಿಸೋಕೆ ಬರ್ತಿದೀರಾ?”

“ಎರಡೂ ಒಟ್ಟಿಗೆ ಆಗಲ್ವಾ?”

“ಆದ್ರೆ ನಂಗೂ ಹೇಳ್ಕೊಡಿ. ಸೆಮಿನರಿಲಿ ಅದನ್ನ ಕಲಿಸ್ಲಿಲ್ಲ” ಎಂದರು. ನಕ್ಕರೋ ಗದರಿದರೋ ಗೊತ್ತಾಗಲಿಲ್ಲ.

ಗುರುವಾರ ಬಂತು. ಸಂಜೆ ಆರಕ್ಕೆ ಆರಾಧನೆ. ಮಧ್ಯಾಹ್ನವೆಲ್ಲ ನಾನು ಅಕ್ಕಿ ಆರಿಸುತ್ತ ಪ್ರಶ್ನೆಗಳನ್ನೂ ಆರಿಸಿಕೊಂಡೆ. ನನ್ನ ಕಡೆಯಿಂದ ಹೇಳಲು ಒಂದು ಚಿಕ್ಕ ಪಾಪ ಬೇಕಿತ್ತು. ಬರಿಗೈಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲ. ಕಳೆದ ದೀಪಾವಳಿ ಹೊತ್ತಿಗೆ ಅವಳ ಮನೆ ಮುಂದಕ್ಕೆ ನಮ್ಮ ಕಸ ಗುಡಿಸಿದ್ದೆ. ಅದೇ ಸಾಕು ಎಂದು ಎತ್ತಿಟ್ಟುಕೊಂಡೆ. ಬಿಳಿ ಸೀರೆ ಉಟ್ಟು ಹೊರಟೆ. ಅಕ್ಕ ಮುಂದೆ ಹೋಗುತ್ತಿದ್ದಳು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಉಳಿದೆ. ಇಪ್ಪತ್ತೊಂಬತ್ತು ವರ್ಷ ಆ ದಾರಿಯನ್ನು ಒಟ್ಟಿಗೆ ನಡೆದವರು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದಿಗೆ ಅಕ್ಕ ನಿಂತು ಹಿಂದೆ ನೋಡಿದಳು. ನಾನು ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದೆ.

ಕೀರ್ತನೆ ಆಯಿತು. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿದರು, ಒಂದೊಂದಕ್ಕೂ ನಡುವೆ ಮೌನ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬುದು ಬಂದಾಗ ನಾನು ಸುಳ್ಳು ಹೇಳಿಲ್ಲವಲ್ಲ, ಯಾರಿಗೂ ಏನೂ ಹೇಳಿಯೇ ಇಲ್ಲವಲ್ಲ ಎಂದು ನೆಮ್ಮದಿಯಾಗಿ ಕೂತೆ. ಜೋಡಿಗಳು ಏಳತೊಡಗಿದವು. ನಮ್ಮದು ಮೂರನೆಯದು.

ಕಟಕಟೆಯ ಬಳಿ ಎದುರುಬದುರಾಗಿ ನಿಂತೆವು. ದೊಡ್ಡವರು ಮೊದಲು ಹೇಳುವುದು ರೂಢಿ. ಅಕ್ಕ ನನ್ನ ಎರಡೂ ಕೈ ಹಿಡಿದಳು. ಅಯ್ಯನವರು ಕಟಕಟೆಯ ಆಚೆ ಕಣ್ಣು ಮುಚ್ಚಿ ನಿಂತಿದ್ದರು.

“ನೀನು ಮೊದ್ಲು ಹೇಳು” ಎಂದಳು ಅಕ್ಕ ಮೆಲ್ಲಗೆ.

“ದೊಡ್ಡೋಳು ನೀನು.”

“ಇರ್ಬೋದು. ಮರ ನಿಂದು.”

ಸಿಕ್ಕಿಬಿದ್ದಳು! “ಈಗ ಮರದ ವಿಷ್ಯ ಯಾಕೆ ಬಂತಕ್ಕ?”

“ಬರ್ದೆ ಏನು? ಕಣ್ಮುಂದೆ ಸಾಯ್ತಾ ಇಲ್ವಾ ಅದು?”

“ಸಾಯ್ತಿದೆ. ಯಾಕೆ ಅಂತ ನಿಂಗೆ ಗೊತ್ತಿಲ್ವಾ?”

“ಗೊತ್ತು” ಎಂದಳು. ಅವಳ ಕಣ್ಣು ತುಂಬಿತ್ತು. “ಗೊತ್ತಿರೋದ್ಕೇ ಕಣೇ ಕಾಯ್ತಿದೀನಿ. ಇವತ್ತಾದ್ರೂ ನೀನಾಗಿ ಹೇಳ್ತೀಯ ಅಂತ. ನಿಮ್ಮತ್ತೆ ಮಗು ಸಾಕ್ದಂಗೆ ಸಾಕಿದ ಮರದ ಬುಡಕ್ಕೆ ಉಪ್ಪು ಸುರಿಯೋಕೆ ನಿಂಗೆ ಹೆಂಗೆ ಮನಸ್ಸು ಬಂತು?”

ನಾನು ಕೈ ಬಿಡಿಸಿಕೊಂಡೆ.

“ಉಪ್ಪಾ? ನಾನಾ?”

“ಇನ್ಯಾರು, ನಿಮ್ಮತ್ತೆ ಎದ್ದು ಬಂದು ಸುರಿದ್ರಾ? ತಾರಸಿಯಿಂದ ಕಾಣಲ್ವಾ ನಂಗೆ? ಮರದ ಹಿಂದೆ ಗೋಡೆ ಮಗ್ಗುಲಲ್ಲಿ ಮಣ್ಣೆಲ್ಲ ಬೆಳ್ಳಗೆ ಪೊರೆ ಕಟ್ಟಿದೆ. ಇಳಿದು ನಾಲಿಗೆ ಮೇಲೆ ಇಟ್ಟು ನೋಡ್ದೆ. ಉಪ್ಪು! ಕಾರು ನಿಲ್ಸೋಕೆ ಶೆಡ್ ಹಾಕ್ಬೇಕು, ಹಿತ್ತಿಲಲ್ಲಿ ಜಾಗ ಇಲ್ಲ ಅಂತ ನಿನ್ ಗಂಡ ನನ್ ಮಗನ ಹತ್ರ ಹೇಳಿದಾನೆ. ಕಡಿದ್ರೆ ಜನ ಆಡ್ಕೊತಾರೆ ಅಂತ ಉಪ್ಪಿಟ್ಟು ಸಾಯಿಸ್ತಿದೀಯ.”

“ಮತ್ತೆ ಇಂಗು?” ಎಂದೆ. ನನ್ನ ದನಿ ಚರ್ಚಿನಲ್ಲಿ ಇರಬೇಕಾದ್ದಕ್ಕಿಂತ ದೊಡ್ಡದಾಯಿತು. “ಕದ್ದು ಚೊಂಬಲ್ಲಿ ತಂದು ಇಂಗು ಸುರಿದೋಳು ಯಾರು? ನೆರಳು ಬೀಳುತ್ತೆ, ಗತಿ ಕಾಣಿಸ್ತೀನಿ ಅಂದೋಳು ಯಾರು?”

“ಅಯ್ಯೋ ಪೆದ್ದಿ, ಅದು ಮಜ್ಜಿಗೆ ಕಣೇ! ಹುಳಿ ಮಜ್ಜಿಗೇಲಿ ಇಂಗು ಕದಡಿ ಹಾಕಿದ್ರೆ ಮೊಗ್ಗು ಉದುರೋದು ನಿಲ್ಲುತ್ತೆ. ನಮ್ಮವ್ವ ನಿಂಬೆ ಗಿಡಕ್ಕೆ ಹಂಗೇ ಹಾಕ್ತಿದ್ಳು. ನೀನು ಸಾಯಿಸ್ತಿದೀಯ, ನಾನು ಉಳಿಸ್ಕೊಳ್ಳೋಕೆ ಒದ್ದಾಡ್ತಿದೀನಿ.”

“ಹಂಗಿದ್ರೆ ಕದ್ದು ಯಾಕೆ ಹಾಕ್ಬೇಕಿತ್ತು?”

ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. “ಇಷ್ಟು ವರ್ಷ ಬೈದ ಮರಕ್ಕೆ ಮಜ್ಜಿಗೆ ಕುಡಿಸ್ತಿದೀನಿ ಅಂತ ನಿನ್ ಮುಂದೆ ತೋರಿಸ್ಕೊಳ್ಲಾ? ಜೀವ ಇರೋ ತನಕ ಆಡ್ಕೊತೀಯ ನೀನು.”

ಅದು ನಿಜ. ಆಡಿಕೊಳ್ಳುತ್ತಿದ್ದೆ.

ಹಿಂದಿನ ಬೆಂಚಿನಿಂದ ಯಾರೋ, “ಮರದ ಪಂಚಾಯ್ತಿ ಮನೆಗೋಗಿ ಮಾಡ್ಕೊಳ್ರವ್ವ, ಕೂತು ಕೂತು ಮಂಡಿ ನೋಯ್ತಾವೆ!” ಎಂದರು. ಸಭೆಯಲ್ಲಿ ನಗೆ ಹರಿದಾಡಿತು. ಅಯ್ಯನವರು ಕಣ್ಣು ತೆರೆದಿದ್ದರು. ಆದರೆ ಅವಸರಪಡಿಸಲಿಲ್ಲ.

ಉಪ್ಪು ಎಂಬ ಮಾತು ಅಷ್ಟರಲ್ಲಿ ನನ್ನ ಒಳಗೆ ಎಲ್ಲಿಗೋ ಹೋಗಿ ತಾಕಿತ್ತು. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯೆಲ್ಲ ಬಿಳಿ ಕಲೆ. ಹೊಸ ವರ್ಷದ ಹೊತ್ತಿಗೆ ಯಜಮಾನರು ನೀರು ಮೆದು ಮಾಡುವ ಒಂದು ಯಂತ್ರ ಹಾಕಿಸಿದ್ದರು. ವಾರಕ್ಕೆರಡು ಸಲ ಅದಕ್ಕೆ ಕೇಜಿಗಟ್ಟಲೆ ಉಪ್ಪು ಹಾಕಬೇಕು. ಆ ಉಪ್ಪು ನೀರಿನಿಂದ ಯಂತ್ರ ತನ್ನ ಹೊಟ್ಟೆ ತೊಳೆದುಕೊಂಡು ಹೊರಗೆ ಬಿಡುತ್ತದೆ. ಆ ನೀರಿನ ಪೈಪು ಎಲ್ಲಿಗೆ ಬಿಡಲಿ ಎಂದು ಪ್ಲಂಬರ್ ಕೇಳಿದ್ದ. ಚರಂಡಿಗೆ ಹೋಗುವ ನೀರು ಗಿಡಕ್ಕೆ ಹೋದರೆ ಪುಣ್ಯ ಎಂದು ನಮ್ಮತ್ತೆ ಯಾವಾಗಲೂ ಹೇಳುತ್ತಿದ್ದರು. ಅವರ ಕಾಲದಲ್ಲಿ ಅದು ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು. ನಾನು ಅದೇ ಮಾತು ನೆನೆದು, “ಚಕ್ಕೋತದ ಮರದ ಹಿಂದೆ ಬಿಡಪ್ಪ, ಕುಡೀಲಿ ಪಾಪ” ಎಂದಿದ್ದೆ. ಉಪ್ಪಿನ ಚೀಲ ಬಿಚ್ಚಿ ಸುರಿಯುತ್ತಿದ್ದವಳೂ ನಾನೇ. ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಲವತ್ತು ದಿನ ಬೇರೆಯವಳ ಚೊಂಬನ್ನೇ ನೋಡುತ್ತ ಕೂತಿದ್ದೆ.

ದೀಪಾವಳಿಯ ಕಸದ ಪಾಪ ಎಲ್ಲಿಗೆ ಹಾರಿಹೋಯಿತೋ.

“ಅಕ್ಕ, ಉಪ್ಪು ನಾನೇ ಬಿಟ್ಟಿದ್ದು” ಎಂದೆ. “ನೀರಿನ ಮಿಷಿನ್ನಿಂದು. ಗೊತ್ತಿಲ್ದೆ ಬಿಟ್ಟೆ. ಆದ್ರೆ ನಿನ್ ಮೇಲೆ ಅನುಮಾನ ಪಟ್ಟಿದ್ದು ಗೊತ್ತಿದ್ದೇ ಪಟ್ಟಿದ್ದು. ಟ್ಯಾಂಕ್ ಹಿಂದೆ ಕೂತು ನಿನ್ನ ಕಾದಿದೀನಿ. ನೀನು ಕಳಿಸಿದ ಹಪ್ಪಳ ಹಂಗೇ ಇಟ್ಟಿದೀನಿ. ಇವತ್ತು ಇಲ್ಲಿಗೆ ಬಂದಿದ್ದು ನಿನ್ನ ಬಾಯಿ ಬಿಡಿಸೋಕೆ. ಕ್ಷಮ್ಸು.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ನಿಜವೋ ಸುಳ್ಳೋ ಎಂದು ತೂಗುವುದು ಇನ್ನೂ ನಿಂತಿರಲಿಲ್ಲ. ಆಮೇಲೆ, “ನಂದೂ ಅದೇ ಕಣೇ ಪಾಪ” ಎಂದಳು. “ನಿನಗಿಂತ ಒಂದು ವಾರ ಮುಂಚೇನೇ ಶುರು ಮಾಡಿದ್ದೆ. ಅದ್ರಲ್ಲೂ ನಾನೇ ದೊಡ್ಡೋಳು.”

ಮಂಡಿಯೂರಿದೆವು. ಅವಳಿಗೆ ಮಂಡಿ ನೋವು. ಕೆಳಗಿಳಿಯುವಾಗ ನನ್ನ ತೋಳು ಹುಡುಕಿದಳು, ಕೊಟ್ಟೆ. ಅಯ್ಯನವರ ಕೈ ನನ್ನ ತಲೆಯ ಮೇಲೆ ಬಂತು. ಚಿಕ್ಕ ವಯಸ್ಸಿನವರ ಕೈ, ಆದರೂ ಭಾರವಾಗಿತ್ತು. ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದರು. ನಿಮ್ಮ ಎಂದದ್ದು ಇಬ್ಬರಿಗೂ ಸೇರಿ.

ಆ ಹೊತ್ತಿನಲ್ಲಿ ನನ್ನ ಮನಸ್ಸು ಬಿಳಿ ಬಟ್ಟೆಯಂತಾಯಿತು ಎಂದು ಬರೆದರೆ ಓದುವವರಿಗೆ ಚೆಂದ. ಆದದ್ದು ಹಾಗಲ್ಲ. ತಲೆಯ ಮೇಲೆ ಆ ಕೈ ಇರುವಾಗಲೇ ಒಂದು ಯೋಚನೆ ಇಲಿಯ ಹಾಗೆ ಓಡಿಬಂತು. ಮಜ್ಜಿಗೆ ಎಂದಳು, ಸರಿ. ಕಾಂಡದ ಎರಡು ತೂತು? ಅದನ್ನು ಕೊರೆದವರು ಯಾರು? ನಾಚಿಕೆಯಾಗಿ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ. ಇಲಿ ಹೋಗಲಿಲ್ಲ.

ಬರುವಾಗ ಒಟ್ಟಿಗೆ ಬಂದೆವು. ಅಕ್ಕ ತನ್ನ ಮನೆಗೆ ಹೋಗದೆ ನೇರ ನಮ್ಮ ಹಿತ್ತಿಲಿಗೆ ನಡೆದಳು. ಪೈಪನ್ನು ಕಣ್ಣಾರೆ ಕಾಣುವವರೆಗೆ ನನ್ನ ಮಾತು ನಂಬುವವಳಲ್ಲ ಅವಳು. ಯಜಮಾನರು ಟಾರ್ಚ್ ಹಿಡಿದರು. ಮರದ ಹಿಂದೆ, ಒಣಗಿದ ಎಲೆಯ ರಾಶಿಯಡಿ ಪೈಪಿನ ಬಾಯಿ, ಅದರ ಸುತ್ತ ಬಿ‍ಳಿ ಪೊರೆ. ಅಕ್ಕ ಪೈಪನ್ನು ಕಿತ್ತು ಚರಂಡಿ ಕಡೆ ಎಸೆದಳು. ನಾನು ಟಾರ್ಚ್ ಕಿತ್ತುಕೊಂಡು ಕಾಂಡದ ತೂತಿಗೆ ಬಿಟ್ಟೆ.

“ಅದೇನು ಹುಡುಕ್ತೀಯೇ ಅಲ್ಲಿ?”

“ಏನಿಲ್ಲ.”

“ಸೂಜಿ ತಗೊಂಡು ಬಾ, ಉದ್ದ ಗೋಣಿ ಸೂಜಿ” ಎಂದಳು. ತಂದುಕೊಟ್ಟೆ. ತೂತಿನೊಳಗೆ ಆಡಿಸಿ ಎಳೆದಳು. ಮರದ ಹೊಟ್ಟಿನ ಜೊತೆ ದಪ್ಪ ಬಿಳಿ ಹುಳವೊಂದು ಬಂತು. ಅಂಗೈ ಮೇಲಿಟ್ಟು ನನ್ನ ಮೂಗಿನ ಹತ್ತಿರ ಹಿಡಿದಳು. “ತಗೋ. ಇವ್ನನ್ನೂ ಇವತ್ತು ಕಟಕಟೆಗೆ ಕರ್ಕೊಂಡು ಹೋಗ್ಬೇಕಿತ್ತು.”

ಯಜಮಾನರು, “ನೀರಿನ ದೋಷ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?” ಎಂದು ಶುರುಮಾಡಿದರು. ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ಸುಮ್ಮನಾದರು.

ಮರುದಿನ ಗುಡ್ ಫ್ರೈಡೇ. ಉಪ್ಪು ಹೋಗಬೇಕಾದರೆ ಬುಡಕ್ಕೆ ಸಿಹಿನೀರು ಬಿಟ್ಟು ಬಿಟ್ಟು ತೊಳೆಯಬೇಕೆಂದು ಯಾರೋ ಹೇಳಿದ್ದರು. ಬೆಳಿಗ್ಗೆ ಉಪವಾಸದಲ್ಲೇ ಇಬ್ಬರೂ ಬೀದಿಯ ನಲ್ಲಿಯಿಂದ ಹೊತ್ತು ಹಾಕತೊಡಗಿದೆವು. ಎಂಟನೆಯದೋ ಒಂಬತ್ತನೆಯದೋ ಕೊಡ ಸುರಿಯುವಾಗ ಅಕ್ಕ, ಮುಖ ಎತ್ತದೆ, “ನಿಜ ಹೇಳು. ಬೇಕಂತ ಬಿಟ್ಟಿದ್ದಲ್ಲ ತಾನೆ?” ಎಂದಳು.

ನಾನು ಸೊಂಟಕ್ಕೆ ಕೈಕೊಟ್ಟು ನಿಂತೆ. “ನೀನು ಹಾಕಿದ್ದು ಬರೀ ಮಜ್ಜಿಗೆ ತಾನೆ?”

ಅವಳೂ ನಿಂತಳು. ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಮೊದಲು ಹೇಳಲಿ ಎಂದು ನಾನು, ನಾನು ಮೊದಲು ಹೇಳಲಿ ಎಂದು ಅವಳು. ಚರ್ಚಿನ ಗಂಟೆ ಹೊಡೆಯಿತು.

“ನಡಿ ನಡಿ, ಮೂರು ಗಂಟೆ ಹೊತ್ತು ಕೂರ್ಬೇಕು ಇವತ್ತು. ಹಿಂದಿನ ಬೆಂಚಾದ್ರೂ ಸಿಗ್ಲಿ” ಎಂದು ಅಕ್ಕ ಒದ್ದೆ ಸೆರಗು ಹಿಂಡಿದಳು. “ಬಂದ್ಮೇಲೆ ಇನ್ನೂ ಹತ್ತು ಕೊಡ ಹಾಕೋಣ. ಒಬ್ಳೇ ಹಾಕ್ಬೇಡ, ನಾನು ನೋಡ್ತಿರ್ತೀನಿ.”